ಬೇತಾಳನನ್ನು ಬರೆದವರ ಹೆಸರು ಎಲ್ಲಿ ಸ್ವಾಮಿ?

ಮೊದಲು ನನ್ನ ಕಳ್ಳತನ ಒಪ್ಪಿಕೊಂಡುಬಿಡ್ತೀನಿ. ಆಮೇಲೆ ಊರವರನ್ನೆಲ್ಲ ಬೈಯೋಕೆ ಸ್ವಲ್ಪ ಧೈರ್ಯ ಬರುತ್ತೆ.

ಕೆಲವು ವರ್ಷಗಳ ಹಿಂದೆ ಆಫೀಸಿನ ನಾವು ಐದು ಜನ ಸೇರಿ ಹನ್ನೆರಡು ನಿಮಿಷದ ಒಂದು ಕಿರುಚಿತ್ರ ಮಾಡಿದ್ವಿ. ಕಂಪನಿಯ ವಾರ್ಷಿಕೋತ್ಸವದ ಸ್ಪರ್ಧೆಗೆ. ಕಥೆ ಇಷ್ಟೇ: ರಾತ್ರಿ ಪಾಳಿ ಮುಗಿಸಿ ಹೊರಟ ಟೆಕ್ಕಿಯ ಹೆಗಲಿಗೆ ಬೇತಾಳ ಹತ್ತಿ ಕೂತು, ಸಿಲ್ಕ್ ಬೋರ್ಡ್ ಜಂಕ್ಷನ್ನಿಂದ ಮನೆ ಮುಟ್ಟುವವರೆಗೂ ಅಪ್ರೈಸಲ್ ಬಗ್ಗೆ, ಇಎಂಐ ಬಗ್ಗೆ, ಊರಲ್ಲಿರುವ ಅಪ್ಪ ಅಮ್ಮನ ಬಗ್ಗೆ ಪ್ರಶ್ನೆ ಕೇಳುತ್ತೆ. ಪ್ರತಿ ಶಾಟ್ ಹೇಗಿರಬೇಕು ಅಂತ ಕ್ಯಾಮೆರಾ ಹಿಡಿದವನಿಗೆ ತೋರಿಸಬೇಕಲ್ಲ, ಅದಕ್ಕೆ ನಾನು ಊರಿಂದ ಹಳೇ ಚಂದಮಾಮಗಳನ್ನು ತಂದೆ. ಸ್ಕ್ಯಾನ್ ಮಾಡಿ ಸಾಲಾಗಿ ಜೋಡಿಸಿದ್ವಿ. ಎಲ್ಲಿಂದ ಬೆಳಕು ಬೀಳಬೇಕು, ಹೆಗಲ ಮೇಲೆ ಶವ ಎಷ್ಟು ಜೋತಾಡಬೇಕು, ಮರದ ಕೊಂಬೆ ಎಷ್ಟು ಬಾಗಬೇಕು, ರಾಜ ಯಾವ ಕೋನದಲ್ಲಿ ಹೆಜ್ಜೆ ಇಡಬೇಕು, ಎಲ್ಲಾ ಅಲ್ಲಿಂದಲೇ ಬಂತು. ನಾವು ಮಾಡಿದ್ದು ಏನು ಅಂದ್ರೆ, ಕತ್ತಿಯ ಜಾಗಕ್ಕೆ ಲ್ಯಾಪ್‌ಟಾಪ್ ಬ್ಯಾಗು ಇಟ್ಟಿದ್ದು.

ಎರಡನೇ ಬಹುಮಾನ ಬಂತು. ತೀರ್ಪುಗಾರರೊಬ್ಬರು "ವಿಷುವಲ್ಸ್ ತುಂಬಾ ಒರಿಜಿನಲ್" ಅಂದ್ರು. ನಾವು ಹಲ್ಲು ಕಿರಿದು ಟ್ರೋಫಿ ಹಿಡಿದು ಫೋಟೋ ತೆಗೆಸಿಕೊಂಡ್ವಿ.

ಆ ವರ್ಷ ದೀಪಾವಳಿಗೆ ಹರಿಯಬ್ಬೆಗೆ ಹೋದಾಗ ಮನೆಯವರನ್ನೆಲ್ಲ ಕೂರಿಸಿ ಲ್ಯಾಪ್‌ಟಾಪಿನಲ್ಲಿ ಸಿನಿಮಾ ತೋರಿಸಿದೆ. ಅಮ್ಮನಿಗೆ ಮಗನ ಹೆಸರು ಪರದೆ ಮೇಲೆ ಬಂದದ್ದೇ ಖುಷಿ. ಸೋದರಮಾವ ಮಾತ್ರ ಸುಮ್ಮನೆ ಕೂತಿದ್ದ. ಮಾವ ಬೋರ್ಡ್ ಬರೆಯುವವನು. ಫ್ಲೆಕ್ಸ್ ಬರುವುದಕ್ಕೆ ಮುಂಚೆ ನಮ್ಮೂರು, ಧರ್ಮಪುರ, ಗಡಿ ದಾಟಿ ಆಂಧ್ರದ ಹಳ್ಳಿಗಳವರೆಗೂ ಕಿರಾಣಿ ಅಂಗಡಿ, ಸೈಕಲ್ ಶಾಪು, ಟ್ರ್ಯಾಕ್ಟರ್ ಟ್ರೈಲರು, ನಾಟಕದ ಪರದೆ, ಎಲ್ಲದರ ಮೇಲೂ ಅವನ ಕೈ ಓಡಾಡಿತ್ತು. ಕನ್ನಡವೂ ಬರೆಯುತ್ತಿದ್ದ, ತೆಲುಗೂ ಬರೆಯುತ್ತಿದ್ದ.

"ಚೆನ್ನಾಗೈತೆ ಅಳಿಯ," ಅಂದ. "ಕೊನೆಗೆ ಹೆಸ್ರು ಬರ್ತಾವಲ್ಲ, ಇನ್ನೊಂದ್ ಸಲ ತೋರ್ಸು."

ತೋರಿಸಿದೆ. ಟೀಮ್ ಲೀಡ್, ಎಚ್‌ಆರ್ ಮೇಡಂ, ಲೈಟು ಕೊಟ್ಟ ಗೆಳೆಯ, ರಾತ್ರಿಯೆಲ್ಲ ಟೀ ಕೊಟ್ಟ ಅಂಗಡಿ, ಕೊನೆಗೆ ನಮ್ಮ ಪಿಜಿ ಬಾಗಿಲಲ್ಲಿ ಮಲಗುತ್ತಿದ್ದ ಬೀದಿನಾಯಿಗೂ ಒಂದು ಥ್ಯಾಂಕ್ಸ್ ಇತ್ತು. ತಮಾಷೆಗೆ ಹಾಕಿದ್ದು.

"ನಾಯಿ ಹೆಸ್ರೈತೆ. ಬೇತಾಳನ್ನ ಬರ್ದೋರ ಹೆಸ್ರು ಎಲ್ಲೈತೆ?"

"ಯಾರು ಬರೆದದ್ದೋ ಏನೋ ಮಾವ. ಚಂದಮಾಮದ್ದು ಅಷ್ಟೇ."

ಮಾವ ಎದ್ದು ಹೋಗಿ ತನ್ನ ಟ್ರಂಕಿನಿಂದ ಒಂದು ಹಳೇ ಸಂಚಿಕೆ ತಂದ. ಪುಟ ತಿರುಗಿಸಿ, ಚಿತ್ರದ ಕೆಳಮೂಲೆಗೆ ಉಗುರಿಟ್ಟು ತೋರಿಸಿದ. ಇಂಗ್ಲಿಷಿನಲ್ಲಿ ಸಣ್ಣಗೆ ಒಂದು ಸಹಿ: ಶಂಕರ್.

"ಇಲ್ಲೇ ಬರ್ದವ್ರಲ್ಲಪ್ಪ."

ಬೆಂಗಳೂರಿಗೆ ವಾಪಸ್ ಬಂದು ನಮ್ಮ ಸ್ಕ್ಯಾನ್ ಫೈಲು ತೆಗೆದು ನೋಡಿದೆ. ಚಿತ್ರವನ್ನು ಸಿನಿಮಾ ಫ್ರೇಮಿನ ಅಳತೆಗೆ ಹೊಂದಿಸುವಾಗ ಆ ಮೂಲೆಯನ್ನು ಕ್ರಾಪ್ ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ.

ಶಂಕರ್ ಅಂದರೆ ಕೆ.ಸಿ. ಶಿವಶಂಕರನ್. 1952ರಲ್ಲಿ ಚಂದಮಾಮ ಸೇರಿದವರು ಸುಮಾರು ಅರವತ್ತು ವರ್ಷ ಅದಕ್ಕಾಗಿ ಚಿತ್ರ ಬರೆದರು. ಬೇತಾಳ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವ ಆಕೃತಿ ಇದೆಯಲ್ಲ, ಒಂದು ಕೈಯಲ್ಲಿ ಹಿರಿದ ಕತ್ತಿ, ಹೆಗಲ ಮೇಲೆ ಶವ, ಹೆಜ್ಜೆ ಮುಂದಿಟ್ಟ ರಾಜ, ಅದು ಸೋಮದೇವನ ಕಥಾಸರಿತ್ಸಾಗರದಿಂದ ನೇರವಾಗಿ ನಿಮ್ಮ ತಲೆಗೆ ಬಂದದ್ದಲ್ಲ. ಒಬ್ಬ ಮನುಷ್ಯ ಮದರಾಸಿನಲ್ಲಿ ಮೇಜಿನ ಮುಂದೆ ಕೂತು, ಇಂಕಿನಲ್ಲಿ ಬ್ರಷ್ ಅದ್ದಿ, ಅದು ಹಾಗಿರಬೇಕು ಅಂತ ತೀರ್ಮಾನ ಮಾಡಿದ್ದು. ಅವರು 2020ರಲ್ಲಿ ತೀರಿಕೊಂಡರು. 2021ರಲ್ಲಿ ಮರಣೋತ್ತರ ಪದ್ಮಶ್ರೀ ಬಂತು. ಅರವತ್ತು ವರ್ಷ ದುಡಿದ ಕೈಗೆ, ಕೈ ತಣ್ಣಗಾದ ಮೇಲೆ ಒಂದು ಪದಕ.

ಇದು ನಮ್ಮ ಹನ್ನೆರಡು ನಿಮಿಷದ ಆಟದ ವಿಷಯವಷ್ಟೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಸಿನಿಮಾದವರ ಜೊತೆ ಸ್ವಲ್ಪ ಓಡಾಡಿದವರಿಗೆ ಗೊತ್ತು, ಇವತ್ತು ಶೂಟಿಂಗಿಗೆ ಮುಂಚೆ ಮೊದಲು ತಯಾರಾಗೋದು 'ರೆಫರೆನ್ಸ್' ಫೋಲ್ಡರು. ಅದರಲ್ಲಿ ಕಾಮಿಕ್ಸ್ ಪುಟ ಇರುತ್ತೆ, ಯಾರದೋ ಇನ್‌ಸ್ಟಾಗ್ರಾಂ ಚಿತ್ರ ಇರುತ್ತೆ, ಪಿಂಟರೆಸ್ಟಿನಿಂದ ಇಳಿಸಿದ ನೂರು ಫ್ರೇಮು ಇರುತ್ತೆ. 'ನಂಗೆ ಈ ಫೀಲ್ ಬೇಕು' ಅನ್ನೋದು ಅಲ್ಲಿನ ಮಂತ್ರ. ಫೀಲ್ ಅಂದ ಕೂಡಲೇ ಅದಕ್ಕೆ ವಾರಸುದಾರರು ಇರಲ್ಲ. ಗಾಳಿಯಲ್ಲಿ ತೇಲಿಬಂದದ್ದು, ಗಾಳಿಗೆ ಯಾರು ಬಿಲ್ ಕೊಡ್ತಾರೆ?

ಆದರೆ ಕಾಮಿಕ್ಸಿನ ಒಂದು ಚೌಕ ಅಂದರೆ ಏನು, ಸ್ವಲ್ಪ ಯೋಚನೆ ಮಾಡಿ. ಮೂವತ್ತೆರಡು ಪುಟದ ಅಮರ ಚಿತ್ರ ಕಥೆ ತಗೊಳ್ಳಿ. ಸ್ಕ್ರಿಪ್ಟಿನಲ್ಲಿ 'ಭೀಮ ಗದೆ ಎತ್ತಿದ' ಅಂತ ಒಂದು ಸಾಲು ಇರುತ್ತೆ. ಭೀಮನನ್ನು ನೆಲದಿಂದ ಮೇಲಕ್ಕೆ ನೋಡಬೇಕೋ, ದುರ್ಯೋಧನನ ಭುಜದ ಹಿಂದಿನಿಂದ ನೋಡಬೇಕೋ, ಗದೆ ಚೌಕದ ಗೆರೆ ದಾಟಿ ಆಚೆ ಬರಬೇಕೋ, ಬೆಟ್ಟ ದೂರ ಇರಬೇಕೋ ಹತ್ತಿರವೋ, ಕಿರೀಟ ಎಂಥದ್ದು, ಕಣ್ಣಲ್ಲಿ ಸಿಟ್ಟು ಎಷ್ಟು, ಇದನ್ನೆಲ್ಲ ತೀರ್ಮಾನ ಮಾಡೋದು ಚಿತ್ರಕಾರ. ಸಿನಿಮಾದಲ್ಲಿ ಇದೇ ಕೆಲಸಕ್ಕೆ ಛಾಯಾಗ್ರಾಹಕ, ಕಲಾ ನಿರ್ದೇಶಕ, ವಸ್ತ್ರ ವಿನ್ಯಾಸಕ, ಸಾಹಸ ನಿರ್ದೇಶಕ, ಅವರಿಗೆಲ್ಲ ಸಹಾಯಕರು, ಸಹಾಯಕರಿಗೆ ಸಹಾಯಕರು. ಎಲ್ಲರ ಹೆಸರೂ ಟೈಟಲ್ ಕಾರ್ಡಿನಲ್ಲಿ ಬರುತ್ತೆ. ಬರಲೇಬೇಕು. ಇಷ್ಟೂ ಜನರ ಕೆಲಸವನ್ನು ಒಬ್ಬನೇ ಕಾಗದದ ಮೇಲೆ ಮೊದಲೇ ಮಾಡಿಟ್ಟಿದ್ದರೆ, ಅವನಿಗೆ ಮಾತ್ರ 'ಫೀಲ್' ಅನ್ನೋ ಹೆಸರು.

ನಮ್ಮ ಟೈಟಲ್ ಕಾರ್ಡುಗಳಲ್ಲಿ ಜಾಗದ ಕೊರತೆಯಂತೂ ಇಲ್ಲ. ಯಾವುದೇ ಕನ್ನಡ ಸಿನಿಮಾಕ್ಕೆ ಐದು ನಿಮಿಷ ಮುಂಚೆ ಹೋಗಿ ಕೂತು ನೋಡಿ. ಮಾಜಿ ಶಾಸಕರಿಗೆ ಕೃತಜ್ಞತೆ, ಪೊಲೀಸ್ ಅಧಿಕಾರಿಗಳಿಗೆ ಕೃತಜ್ಞತೆ, ಹೋಟೆಲ್ ಮಾಲೀಕರಿಗೆ, ತೋಟ ಕೊಟ್ಟವರಿಗೆ, ಅಭಿಮಾನಿ ಸಂಘದವರಿಗೆ, ನಾಯಕನ ಜಿಮ್ ಟ್ರೈನರಿಗೆ. ಹೆಸರುಗಳು ಎಷ್ಟು ವೇಗವಾಗಿ ಓಡುತ್ತವೆ ಅಂದ್ರೆ ಸ್ವತಃ ಆ ಶಾಸಕರೂ ತಮ್ಮ ಹೆಸರು ಓದೋಕಾಗಲ್ಲ. ಅಲ್ಲಿ ಇನ್ನೊಂದು ಸಾಲು ಸೇರಿಸಿದರೆ ಎಷ್ಟು ಖರ್ಚಾಗುತ್ತೆ?

ಈಗ ಒಂದು ಒಳ್ಳೇ ಉದಾಹರಣೆ ಹೇಳ್ತೀನಿ, ಅದರಲ್ಲೇ ಸಮಸ್ಯೆಯೂ ಇದೆ. ಎಸ್.ಎಸ್. ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯಲ್ಲಿ. ಅಮರ ಚಿತ್ರ ಕಥೆ ಓದಿ ಬೆಳೆದವನು ನಾನು ಅಂತ ಅವರು ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ. ಬಾಹುಬಲಿ ನೋಡುವಾಗ ಅದು ಗೊತ್ತಾಗುತ್ತೆ ಕೂಡ. ಸಾಲ ತೆಗೆದುಕೊಂಡದ್ದನ್ನು ಬಾಯಿಬಿಟ್ಟು ಹೇಳುವ ಗುಣ ಎಲ್ಲರಿಗೂ ಇರಲ್ಲ, ಅವರಿಗೆ ಅದಕ್ಕೊಂದು ನಮಸ್ಕಾರ. ಆದರೆ 'ಅಮರ ಚಿತ್ರ ಕಥೆ' ಎಂಬುದು ಒಂದು ಬ್ರಾಂಡ್. ಬ್ರಾಂಡಿಗೆ ಕೈ ಇರಲ್ಲ, ಬ್ರಷ್ ಹಿಡಿಯೋಕೆ ಬರಲ್ಲ.

ಆ ಬ್ರಾಂಡಿನ ಕಥೆಯಲ್ಲೇ ನೋಡಿ. ಅದರ ಬೇರು ಇರೋದು ನಮ್ಮ ಬೆಂಗಳೂರಿನಲ್ಲಿ. 1965ರ ಸುಮಾರಿಗೆ ಇಲ್ಲಿನ ಐಬಿಎಚ್‌ನ ಜಿ.ಕೆ. ಅನಂತರಾಮ್ ಅವರು ಪರದೇಶದ ಮಕ್ಕಳ ಕಥೆಗಳನ್ನು ಕನ್ನಡದಲ್ಲಿ ಚಿತ್ರಕಥೆಗಳಾಗಿ ತಂದರು. ಮುಂದೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ 'ಕೃಷ್ಣ' ಬಂತು. ಮೊದಲ ಹತ್ತು ಸಂಖ್ಯೆ ಪರದೇಶಿ ಕಥೆಗಳಿಗೆ ಹೋಗಿದ್ದರಿಂದ ಕೃಷ್ಣನಿಗೆ ಸಿಕ್ಕಿದ್ದು ಹನ್ನೊಂದು. 'ಅಂಕಲ್ ಪೈ' ಎಲ್ಲರಿಗೂ ಗೊತ್ತು. ಆ ಕೃಷ್ಣನನ್ನು ಬರೆದವರು ಯಾರು? ರಾಮ್ ವಾಯಿರ್ಕರ್. ಟಿಂಕಲ್‌ನ ಸುಪ್ಪಾಂಡಿಗೆ ರೂಪ ಕೊಟ್ಟವರೂ ಅವರೇ. ಪ್ರತಾಪ್ ಮುಳೀಕ್ ಅಂತ ಇನ್ನೊಬ್ಬರು, ಅಮರ ಚಿತ್ರ ಕಥೆಯ ಎಷ್ಟೋ ಪುಸ್ತಕ ಅವರವು, ಮುಂದೆ ರಾಜ್ ಕಾಮಿಕ್ಸಿನ ನಾಗರಾಜನನ್ನೂ ಬರೆದರು. ಇದನ್ನು ಓದ್ತಿರೋ ನಿಮ್ಮಲ್ಲಿ ಎಷ್ಟು ಜನ ಈ ಎರಡು ಹೆಸರು ಮೊದಲೇ ಕೇಳಿದ್ದೀರಿ? ನಾನು ಕೇಳಿರಲಿಲ್ಲ. ಮಾವ ಉಗುರಿಟ್ಟು ತೋರಿಸಿದ ಮೇಲೆ ಹುಡುಕಿಕೊಂಡು ಹೋದದ್ದು.

ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರ ಕಥೆಯೂ ಅಷ್ಟೇ. ಚಂದಮಾಮದ ಮುಖಪುಟಗಳಲ್ಲಿ ಬಂದ ಮಹಾಭಾರತದ ಚಿತ್ರಗಳು ಅವರವು. ನಮ್ಮ ಅಜ್ಜ ಅಜ್ಜಿಯರ ಕಾಲದವರ ಮನಸ್ಸಿನಲ್ಲಿ ಭೀಷ್ಮ, ದ್ರೋಣ ಹೇಗಿದ್ದರು ಅಂತ ಬರೆದಿಟ್ಟ ಕೈಗಳಲ್ಲಿ ಅದೂ ಒಂದು. ಮುಂದೆ ಬೆಂಗಳೂರಿನಲ್ಲಿ ಅಂಚೆ ಮೂಲಕ ಚಿತ್ರಕಲೆ ಕಲಿಸುವ ಸಂಸ್ಥೆ ನಡೆಸಿದರು. ನಮ್ಮ ಮಾವ ಹುಡುಗನಾಗಿದ್ದಾಗ ಆ ಪಾಠಗಳನ್ನು ತರಿಸಿಕೊಂಡು, ಸೀಮೆಎಣ್ಣೆ ದೀಪದ ಮುಂದೆ ಕೈ ತಿದ್ದಿಕೊಂಡವನು. ಹಿರಿಯೂರು ತಾಲೂಕಿನ ಮೂಲೆಯ ಹಳ್ಳಿಯ ಸೈಕಲ್ ಶಾಪಿನ ಬೋರ್ಡಿನ ಹಿಂದೆಯೂ ಒಬ್ಬ ಗುರುವಿನ ಕೈ ಇತ್ತು ಅನ್ನೋದು ನನಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ.

ಸಿನಿಮಾದವರಿಗೆ ಚಿತ್ರಕಾರರಿಗೆ ಹೆಸರು ಕೊಡೋದು ಬರಲ್ಲ ಅಂತೇನಿಲ್ಲ. ಚಂದಮಾಮ ಹೊರತಂದ ನಾಗಿರೆಡ್ಡಿ, ಚಕ್ರಪಾಣಿ ಜೋಡಿಯೇ ಪಾತಾಳ ಭೈರವಿ, ಮಾಯಾಬಜಾರ್ ಮಾಡಿದ್ದು. 1957ರ ಮಾಯಾಬಜಾರ್‌ಗೆ ಮಾ. ಗೋಖಲೆ, ಕಲಾಧರ್ ಎಂಬ ಇಬ್ಬರು ಕಲಾವಿದರು ಕಲಾ ನಿರ್ದೇಶಕರು. ದ್ವಾರಕೆಯ ಪುಟಾಣಿ ನಗರ ಕಟ್ಟಿಸಿದ್ದು ಅವರೇ. ಟೈಟಲ್‌ನಲ್ಲಿ ಹೆಸರಿದೆ, ಇವತ್ತಿಗೂ ತೆಲುಗಿನವರು ಅವರನ್ನು ನೆನೀತಾರೆ. ಶಂಕರ್ ನಾಗ್ ತೆಗೆದ ಮಾಲ್ಗುಡಿ ಡೇಸ್ ನೆನಪಿಸಿಕೊಳ್ಳಿ. ಶುರುವಿನಲ್ಲೇ ಆರ್.ಕೆ. ಲಕ್ಷ್ಮಣರ ಗೆರೆಗಳು ಬರುತ್ತವೆ. ಆ ಗೆರೆ ಯಾರದ್ದು ಅನ್ನೋದು ಆಗುಂಬೆಯ ಮಕ್ಕಳಿಗೂ ಗೊತ್ತು. ಅಂದರೆ ಲೆಕ್ಕ ಸ್ಪಷ್ಟವಾಗಿದೆ: ಚಿತ್ರಕಾರನನ್ನು ಕರೆದು, ಕೂರಿಸಿ, ಸಂಬಳ ಕೊಟ್ಟರೆ ಹೆಸರು ಬರುತ್ತೆ. ಅಥವಾ ಆತ ಮೊದಲೇ ಲಕ್ಷ್ಮಣರಷ್ಟು ದೊಡ್ಡವನಾಗಿದ್ದರೆ ಬರುತ್ತೆ. ಅಚ್ಚಾದ ಪುಟದಿಂದ ಸದ್ದಿಲ್ಲದೆ ಎತ್ತಿಕೊಂಡರೆ ಬರಲ್ಲ.

ಇಷ್ಟು ಹೇಳಿದ ಕೂಡಲೇ ನಾಲ್ಕು ಉತ್ತರ ಬರುತ್ತವೆ. ನಮ್ಮ ಆ ಕಿರುಚಿತ್ರದ ಗೆಳೆಯರೇ ಕೊಟ್ಟದ್ದು, ಒಂದೊಂದಾಗಿ ನೋಡೋಣ.

ಮೊದಲನೇದು, "ಸ್ಟೈಲ್‌ಗೆ ಕಾಪಿರೈಟ್ ಇಲ್ಲ ಗುರು." ನಿಜ. ಐಡಿಯಾಗೆ ಹಕ್ಕುಸ್ವಾಮ್ಯ ಇಲ್ಲ, ಅದನ್ನು ವ್ಯಕ್ತಪಡಿಸಿದ ರೂಪಕ್ಕೆ ಮಾತ್ರ ಅಂತ ಸುಪ್ರೀಂ ಕೋರ್ಟು 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ನಾಟಕವೊಂದರಿಂದ ಸಿನಿಮಾ ಮಾಡಿದರು ಎಂಬ ಜಗಳ ಅದು. ಅದು ಹಾಗೇ ಇರಬೇಕು ಕೂಡ. ಶೈಲಿಗೆ ಬೇಲಿ ಹಾಕಿದರೆ ಹೊಸಬರು ಕಲಿಯೋದು ಹೇಗೆ? ನಾನು ಕೇಳ್ತಿರೋದು ಪರ್ಮಿಷನ್ ತಗೊಳ್ಳಿ ಅಂತಲ್ಲ, ರಾಯಲ್ಟಿ ಕೊಡಿ ಅಂತಲೂ ಅಲ್ಲ. ಹೆಸರು ಹೇಳಿ ಅಂತ. ಊರಲ್ಲಿ ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತಂದರೆ ಅದಕ್ಕೆ ಯಾರೂ ದುಡ್ಡು ಕೇಳಲ್ಲ, ಆದರೆ 'ನಮ್ಮನೆ ಹೆಪ್ಪು ನಮ್ಮಲ್ಲೇ ಹುಟ್ಟಿತು' ಅಂತ ಯಾರೂ ಬೊಗಳೆ ಬಿಡಲ್ಲ. ನಮ್ಮ 1957ರ ಕಾಯ್ದೆಯ 57ನೇ ಕಲಂ ನೋಡಿ. ಹಕ್ಕನ್ನು ಬೇರೆಯವರಿಗೆ ಮಾರಿದ ಮೇಲೂ 'ಇದು ಬರೆದವನು ನಾನು' ಅಂತ ಹೇಳಿಕೊಳ್ಳುವ ಹಕ್ಕು ಕರ್ತೃವಿನ ಹತ್ತಿರವೇ ಉಳಿಯುತ್ತೆ. ಶೈಲಿಯವರೆಗೆ ಆ ಕಲಂ ಕೈಚಾಚಲ್ಲ, ಸರಿ. ಆದರೆ ದುಡ್ಡು ಬೇರೆ, ಹೆಸರು ಬೇರೆ ಅನ್ನೋದು ಕಾಯ್ದೆ ಬರೆದವರಿಗೂ ಹೊಳೆದಿತ್ತು.

ಎರಡನೇದು, "ಅವರೂ ಕದ್ದವರೇ ಅಲ್ವಾ?" ಇದು ಗಟ್ಟಿ ಪ್ರಶ್ನೆ. ಅಮರ ಚಿತ್ರ ಕಥೆಯ ದೇವರುಗಳ ಮೇಲೆ ರಾಜಾ ರವಿವರ್ಮನ ನೆರಳಿದೆ. ಹೊಡೆದಾಟದ ದೃಶ್ಯಗಳಲ್ಲಿ ಅಮೆರಿಕದ ಟಾರ್ಜನ್ ಕಾಮಿಕ್ಸಿನ ಗಾಳಿ ಇದೆ. ಕಿರೀಟ, ಭುಜಕೀರ್ತಿಗಳು ಕಂಪನಿ ನಾಟಕದ ಪೆಟ್ಟಿಗೆಯಿಂದ ಬಂದಿರಬಹುದು. ಹೌದು. ಅದಕ್ಕೇ ಹೇಳಿದ್ದು, ಎಲ್ಲರ ಹೆಸರೂ ಹೇಳಿ ಅಂತ. ಸಾಲದ ಸರಪಳಿ ಉದ್ದ ಇದೆ ಅನ್ನೋದು ಸಾಲ ಮರೆಯೋಕೆ ಕಾರಣ ಆಗಲ್ಲ.

ಮೂರನೇದು, "ಹೆಸರು ಹಾಕಿದ್ರೆ ಹೊಟ್ಟೆ ತುಂಬುತ್ತಾ?" ತುಂಬುತ್ತೆ ಸ್ವಾಮಿ, ಕೆಲವೊಮ್ಮೆ ನಿಜವಾಗಲೂ ತುಂಬುತ್ತೆ. ಸೂಪರ್‌ಮ್ಯಾನ್ ಕಥೆ ಕೇಳಿ. ಜೆರ್ರಿ ಸೀಗೆಲ್ ಬರೆದ, ಜೋ ಶುಸ್ಟರ್ ಚಿತ್ರಿಸಿದ ಆ ಪಾತ್ರದ ಹಕ್ಕನ್ನು 1938ರಲ್ಲಿ 130 ಡಾಲರಿಗೆ ಕೊಟ್ಟುಬಿಟ್ಟಿದ್ದರು. ಕೋರ್ಟಿಗೆ ಹೋದರು, ಸೋತರು. ಹೆಸರೂ ಕಿತ್ತು ಹೋಯಿತು. ವಯಸ್ಸಾದಾಗ ಕಣ್ಣು ಮಂಜಾಗಿದ್ದ ಶುಸ್ಟರ್ ಕಷ್ಟದಲ್ಲಿದ್ದರು. 1975ರಲ್ಲಿ ದೊಡ್ಡ ಸಿನಿಮಾ ತಯಾರಾಗ್ತಿದೆ ಅಂತ ಸುದ್ದಿ ಬಂದಾಗ ಇಬ್ಬರೂ ಬಾಯಿಬಿಟ್ಟರು. ನೀಲ್ ಆಡಮ್ಸ್‌ನಂಥ ಕಿರಿಯ ಚಿತ್ರಕಾರರು ಪತ್ರಿಕೆ, ಟಿವಿ ಅಂತ ಓಡಾಡಿ ಗದ್ದಲ ಎಬ್ಬಿಸಿದರು. ಕಾನೂನು ಕಂಪನಿಯ ಕಡೆಗಿತ್ತು, ಆದರೂ ಕಂಪನಿ ಬಗ್ಗಿತು. ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಪಿಂಚಣಿ, ಜೊತೆಗೆ ಹೆಸರು. 1978ರ ಸಿನಿಮಾದಲ್ಲಿ ಆ ಹೆಸರುಗಳು ಪರದೆ ಮೇಲೆ ಬಂದವು. ಕೋರ್ಟು ಕೊಡದೇ ಇದ್ದದ್ದನ್ನು ನಾಚಿಕೆ ಕೊಡಿಸಿತು. ಬ್ಯಾಟ್‌ಮ್ಯಾನ್‌ನ ಇನ್ನೊಬ್ಬ ಸೃಷ್ಟಿಕರ್ತ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು, ಅಧಿಕೃತವಾಗಿ ಹೆಸರು ಸೇರಿದ್ದು 2015ರಲ್ಲಿ. ತಡವಾದರೆ ಹೀಗಾಗುತ್ತೆ.

ನಾಲ್ಕನೇದು, "ಹಾಲಿವುಡ್ಡಿನವರೂ ಮಾಡ್ತಾರೆ." ಮಾಡ್ತಾರೆ. ಆದರೆ ಅಲ್ಲಿ ಕೇಳೋರೂ ಇದ್ದಾರೆ. ಸ್ಟಾರ್ ವಾರ್ಸ್ ಬಂದದ್ದು 1977ರಲ್ಲಿ. ಅದಕ್ಕೆ ಹತ್ತು ವರ್ಷ ಮುಂಚೆಯಿಂದ ಫ್ರಾನ್ಸಿನ ಝಾನ್-ಕ್ಲೋದ್ ಮೆಝಿಯೇರ್ 'ವಲೇರಿಯನ್' ಎಂಬ ಬಾಹ್ಯಾಕಾಶದ ಕಾಮಿಕ್ಸ್ ಬರೆಯುತ್ತಿದ್ದರು. ಸಿನಿಮಾದಲ್ಲಿ ತನ್ನ ಲೋಕವೇ ಕಂಡಂತಾಗಿ ಅವರು ಕೋರ್ಟಿಗೆ ಹೋಗಲಿಲ್ಲ. 1983ರಲ್ಲಿ ಒಂದೇ ಒಂದು ಚಿತ್ರ ಬರೆದರು. ಅನ್ಯಗ್ರಹದ ಒಂದು ಬಾರಿನಲ್ಲಿ ಸ್ಟಾರ್ ವಾರ್ಸಿನ ಜೋಡಿ ಮತ್ತು ವಲೇರಿಯನ್ ಜೋಡಿ ಎದುರು ಬದುರು ಸಿಕ್ಕಿವೆ. ಇಲ್ಲಿ ನಿಮ್ಮನ್ನು ನೋಡ್ತೀವಿ ಅಂದ್ಕೊಂಡಿರಲಿಲ್ಲ ಅಂತ ಇವರು, ನಾವು ತುಂಬಾ ದಿನದಿಂದ ಇಲ್ಲೇ ಇದ್ದೀವಲ್ಲ ಅಂತ ಅವರು. ನೂರು ಲೀಗಲ್ ನೋಟಿಸಿಗೆ ಸಮ ಅದು. ಇನ್ನೊಂದು ಕಡೆ ರಿಡ್ಲಿ ಸ್ಕಾಟ್, ಬ್ಲೇಡ್ ರನ್ನರ್ ನಗರದ ಹಿಂದೆ ಮೋಬಿಯಸ್ ಎಂಬ ಫ್ರೆಂಚ್ ಚಿತ್ರಕಾರನ ಪುಟಗಳಿವೆ ಅಂತ ತಾವೇ ಹೇಳಿಕೊಂಡರು. ಹೇಳಿದ್ದರಿಂದ ಸ್ಕಾಟ್ ಒಂದು ಇಂಚೂ ಚಿಕ್ಕವರಾಗಲಿಲ್ಲ.

ನಮ್ಮಲ್ಲಿ ಯಾಕೆ ಹೀಗೆ ಕೇಳಲ್ಲ? ಯಾಕಂದ್ರೆ ನಮ್ಮ ಕಿವಿ ಎಚ್ಚರ ಇದೆ, ಕಣ್ಣು ಮಲಗಿದೆ. 2022ರಲ್ಲಿ ಕಾಂತಾರದ 'ವರಾಹರೂಪಂ' ಹಾಡು ತಮ್ಮ 'ನವರಸಂ' ಥರ ಇದೆ ಅಂತ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಯಿತು. ಒಟಿಟಿಗೆ ಬಂದಾಗ ಮೊದಲಿಗೆ ಹಾಡಿನ ಬೇರೆ ರೂಪ ಹಾಕಬೇಕಾಯ್ತು. ಯಾರು ಸರಿ ಅನ್ನೋದು ಇಲ್ಲಿ ವಿಷಯ ಅಲ್ಲ. ಇಡೀ ಕರ್ನಾಟಕ ಎರಡು ಹಾಡನ್ನೂ ಪಕ್ಕಪಕ್ಕ ಇಟ್ಟು ಕೇಳಿತು, ಟೀ ಅಂಗಡಿಯಲ್ಲಿ ರಾಗದ ಬಗ್ಗೆ ಜಗಳ ಆಡಿತು. ಅದೇ ಒಂದು ಫ್ರೇಮು ಯಾವುದೋ ಕಾಮಿಕ್ಸಿನಿಂದ ಹಾಗೇ ಇಳಿದಿದ್ದರೆ 'ಸಕ್ಕತ್ ಮೇಕಿಂಗ್ ಮಗಾ' ಅಂತೀವಿ. ಹಾಡಿಗೆ ಆಡಿಯೋ ಕಂಪನಿ ಇದೆ, ವಕೀಲರಿದ್ದಾರೆ. ಗೆರೆಗೆ ಯಾರಿದ್ದಾರೆ?

ತಪ್ಪೆಲ್ಲಾ ಸಿನಿಮಾದವರದ್ದೇ ಅಂತಲೂ ಹೇಳಲ್ಲ. ಸಂಬಳಕ್ಕೆ ಇದ್ದು ಬರೆದ ಚಿತ್ರದ ಮೊದಲ ಒಡೆತನ ಸಾಮಾನ್ಯವಾಗಿ ಸಂಸ್ಥೆಯದ್ದೇ, ಕಾಯ್ದೆಯ 17ನೇ ಕಲಂ ಹೇಳೋದು ಅದನ್ನೇ. ಹಾಗಾಗಿ ಎಷ್ಟೋ ಕಡೆ ಸಂಪಾದಕರ ಹೆಸರು ದಪ್ಪಕ್ಷರದಲ್ಲಿ, ಚಿತ್ರಕಾರನ ಹೆಸರು ಗೆರೆಗಳ ಸಂದಿಯಲ್ಲಿ ಇರುವೆಯ ಹಾಗೆ. ಹಳೇ ಸಂಚಿಕೆಗಳನ್ನು ಪಿಡಿಎಫ್ ಮಾಡಿ ಹಂಚುವ ನಾವು ಆ ಇರುವೆಯನ್ನೂ ಒರೆಸಿಹಾಕ್ತೀವಿ. ಆಮೇಲೆ ನಿರ್ದೇಶಕ ನಿಜವಾಗಲೂ ಕೃತಜ್ಞತೆ ಹೇಳಬೇಕು ಅಂದರೂ ಯಾರಿಗೆ ಹೇಳೋದು ಗೊತ್ತಾಗಲ್ಲ.

ಈಗ ನನ್ನ ಜಾತಿಯವರಿಗೆ, ಅಂದರೆ ಕೋಡ್ ಬರೆಯುವವರಿಗೆ ಒಂದು ಮಾತು. ನಮ್ಮ ಕೆಲಸದಲ್ಲಿ ಪ್ರತಿ ಸಾಲಿಗೂ ಅಪ್ಪ ಅಮ್ಮ ಇದ್ದಾರೆ. ಗಿಟ್ ಬ್ಲೇಮ್ ಹೊಡೆದರೆ ಮೂರು ವರ್ಷದ ಹಿಂದೆ ಬಿಟ್ಟು ಹೋದವನ ಹೆಸರೂ ಬರುತ್ತೆ, ತಾರೀಖೂ ಬರುತ್ತೆ. ಎಂಐಟಿ ಲೈಸೆನ್ಸ್ ಇರುವ ಕೋಡನ್ನು ಎಷ್ಟು ಬೇಕಾದರೂ ಬಳಸು, ಮಾರು, ತಿದ್ದು, ಆದರೆ ಹಕ್ಕುಸ್ವಾಮ್ಯದ ಆ ಒಂದು ಸಾಲನ್ನು ಕೀಳಬೇಡ ಅನ್ನೋದೇ ಷರತ್ತು. ನಿಮ್ಮ ಫೋನಿನ ಸೆಟ್ಟಿಂಗ್ಸ್ ಒಳಗೆ ಲೈಸೆನ್ಸ್ ಪುಟ ತೆಗೆದು ನೋಡಿ, ಪುಟಗಟ್ಟಲೆ ಹೆಸರು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 'ಕರ್ಲ್' ಎಂಬ ಪುಟ್ಟ ಉಪಕರಣ ಬರೆದವರು. ಕಾರಿನ ಸ್ಕ್ರೀನಿನಲ್ಲಿ ಅವರ ವಿಳಾಸ ಕಂಡು, ಕಾರಿನ ತೊಂದರೆ ಸರಿ ಮಾಡಿಕೊಡಿ ಅಂತ ಜನ ಅವರಿಗೆ ಇಮೇಲ್ ಬರೀತಾರಂತೆ. ಬಿಟ್ಟಿ ಕೊಟ್ಟ ಕೋಡಿಗೆ ಇಷ್ಟು ಮರ್ಯಾದೆ ಇಟ್ಟುಕೊಂಡ ನಾವು, ಶನಿವಾರ ಕ್ಯಾಮೆರಾ ಹಿಡಿದ ಕೂಡಲೇ ಯಾಕೆ ಹೀಗಾಗ್ತೀವಿ?

2025ರ ಮಾರ್ಚಿನಲ್ಲಿ ಎಲ್ಲರೂ ತಮ್ಮ ಮದುವೆ ಫೋಟೋಗಳನ್ನು ಗಿಬ್ಲಿ ಮಾಡಿಕೊಂಡರಲ್ಲ, ಆಗ ನಾನೂ ಕೂತು 'ಚಂದಮಾಮ ಸ್ಟೈಲ್' ಅಂತ ಟೈಪ್ ಮಾಡಿದೆ. ಏನೋ ಒಂದು ಬಂತು. ಆಗ ಹೊಳೆಯಿತು: ಜಪಾನಿನ ಮಿಯಾಝಾಕಿಗೆ ಆಗಿದ್ದು ಅನ್ಯಾಯವೇ, ಆದರೆ ಯಾರ ಹೊಲಕ್ಕೆ ನುಗ್ಗಿದರು ಅಂತ ಲೋಕಕ್ಕೆ ಗೊತ್ತಾಯಿತು, ಜಗಳ ಆಯಿತು. ನಮ್ಮ ಹೊಲಕ್ಕೆ ನುಗ್ಗಿದರೆ ಬೈಯೋಕೂ ಒಂದು ಹೆಸರಿಲ್ಲ. ಚಂದಮಾಮ ಸ್ಟೈಲ್ ಅಂತ ಒಂದು ಇಲ್ಲವೇ ಇಲ್ಲ. ಶಂಕರ್ ಗೆರೆ ಬೇರೆ, ಚಿತ್ರಾ ಅವರ ಗೆರೆ ಬೇರೆ, ವಡ್ಡಾದಿ ಪಾಪಯ್ಯನವರ ಬಣ್ಣ ಬೇರೆ, ಆಚಾರ್ಯರ ಕೈ ಬೇರೆ. ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿ ಮೇಲೆ ಬ್ರಾಂಡಿನ ಹೆಸರು ಬರೆದಿಟ್ಟಿದ್ದು ಯಂತ್ರವಲ್ಲ. ಯಂತ್ರ ಬರುವುದಕ್ಕೆ ಎಷ್ಟೋ ವರ್ಷ ಮುಂಚೆ ನಾವೇ ಆ ಕೆಲಸ ಮುಗಿಸಿದ್ವಿ.

ಹಾಗಾದರೆ ಏನು ಮಾಡಬೇಕು? ಮೂರೇ ಮಾತು. ಸಿನಿಮಾ, ಕಿರುಚಿತ್ರ, ಜಾಹೀರಾತು ಏನೇ ಮಾಡಿ, ರೆಫರೆನ್ಸ್ ಫೋಲ್ಡರಿಗೆ ಚಿತ್ರ ಹಾಕುವಾಗಲೇ ಫೈಲಿನ ಹೆಸರಿನಲ್ಲಿ ಚಿತ್ರಕಾರನ ಹೆಸರು ಹಾಕಿ. 'ಇಮೇಜ್_047' ಅಂತ ಇಟ್ಟ ದಿನವೇ ಅವನು ಸತ್ತ. ಎರಡು, ಕೊನೆಯ ಕಾರ್ಡಿನಲ್ಲಿ 'ಈ ಚಿತ್ರದ ನೋಟಕ್ಕೆ ಋಣಿ' ಅಂತ ಒಂದು ಸಾಲು, ಕೆಳಗೆ ವ್ಯಕ್ತಿಗಳ ಹೆಸರು, ಸಂಸ್ಥೆಯ ಹೆಸರು ಆಮೇಲೆ. ಮೂರು, ನೋಡುವವರು ನೀವು, ಕೇಳಿ. ರಿವ್ಯೂ ಬರೆಯುವಾಗ ಕೇಳಿ, ಪೋಸ್ಟರ್ ನೋಡಿ ಕೇಳಿ. ಸೂಪರ್‌ಮ್ಯಾನ್‌ಗೇ ಹೆಸರು ಕೊಡಿಸಿದ್ದು ಕೇಳುವವರ ಬಾಯಿ.

ನಮ್ಮ ಕಿರುಚಿತ್ರವನ್ನು ಯೂಟ್ಯೂಬಿನಿಂದ ಇಳಿಸಿ, ಕೊನೆಗೆ ಕೆ.ಸಿ. ಶಿವಶಂಕರನ್ ಹೆಸರು ಸೇರಿಸಿ ಮತ್ತೆ ಏರಿಸಿದ್ವಿ. ಹಳೇ ವ್ಯೂಸ್ ಎಲ್ಲಾ ಹೋಯ್ತು, ಗೆಳೆಯನೊಬ್ಬ ಅದಕ್ಕೆ ಒಂದು ವಾರ ಮಾತು ಬಿಟ್ಟಿದ್ದ. ಆದರೆ ಆ ಹೊತ್ತಿಗೆ ಶಂಕರ್ ಅವರೇ ಇರಲಿಲ್ಲ. ಅವರು ಬದುಕಿದ್ದಾಗಲೇ ಒಂದು ಇಮೇಲ್ ಹಾಕಬಹುದಿತ್ತು. ಟ್ರೋಫಿ ಈಗಲೂ ಮನೆಯಲ್ಲಿದೆ, ಧೂಳು ಒರೆಸೋಕೆ ನನಗೆ ಮನಸ್ಸು ಬರಲ್ಲ.

ಹೋದ ಸಲ ಊರಿಗೆ ಹೋದಾಗ ಮಾವನ ಜೊತೆ ಧರ್ಮಪುರಕ್ಕೆ ಹೋಗಿದ್ದೆ. ದಾರಿಯಲ್ಲಿ ಬಾಗಿಲು ಮುಚ್ಚಿ ವರ್ಷಗಳಾದ ಒಂದು ಅಂಗಡಿಯ ಗೋಡೆ. ಬಣ್ಣ ಉದುರಿ ಅಂಗಡಿಯ ಹೆಸರು ಅರ್ಧ ಅಳಿಸಿತ್ತು. ಮೂಲೆಯಲ್ಲಿ ಸಣ್ಣಗೆ ಮಾವನ ಹೆಸರು, ಪಕ್ಕದಲ್ಲಿ 'ಆರ್ಟ್ಸ್, ಹರಿಯಬ್ಬೆ' ಅಂತ, ಇನ್ನೂ ಓದುವಂತಿತ್ತು.

"ಆಗಿನ್ ಕಾಲ್ದಾಗೆ ಎಷ್ಟ್ ಕೊಟ್ಟಿದ್ರು ಮಾವ ಇದಕ್ಕೆ?"

"ದುಡ್ಡೆಲ್ಲಿ? ಅರ್ಧ ದುಡ್ಡು, ಅರ್ಧ ಅಕ್ಕಿ ಬೇಳೆ. ಆದ್ರೆ ಮೂಲೇಲಿ ಹೆಸ್ರು ಬರ್ಕಂತೀನಿ ಅಂದ್ರೆ ಯಾವ ಅಂಗಡಿಯೋನೂ ಬ್ಯಾಡ ಅಂದಿಲ್ಲ ಕಣಪ್ಪ."